ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕೋರ್ಸಿಗೆ 18 ಸಾವಿರ ಕೇಳ್ತಿದಾರೆ, ಕಟ್ಲೋ ಬೇಡ್ವೋ? ಅಕೌಂಟ್ಸ್ ಕೆಲಸದಲ್ಲಿ ಇರೋರು ದಯವಿಟ್ಟು ಹೇಳಿ

ರಾಣೆಬೆನ್ನೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ನಂದು ಬಿಕಾಂ ಈ ವರ್ಷ ಮುಗೀತು, ಕನ್ನಡ ಮೀಡಿಯಂನಲ್ಲಿ ಓದಿ ಬಂದವಳು, ಪರ್ಸೆಂಟೇಜ್ 71. ಎಲ್ಲಿ ಕೆಲಸ ಕೇಳಿದ್ರೂ ಟ್ಯಾಲಿ ಬರುತ್ತಾ ಜಿಎಸ್‌ಟಿ ರಿಟರ್ನ್ ಹಾಕ್ತೀರಾ ಅಂತಾನೇ ಕೇಳ್ತಾರೆ, ಕಾಲೇಜಲ್ಲಿ ಟ್ಯಾಲಿ ಲ್ಯಾಬ್ ಅಂತ ಇತ್ತು ಆದ್ರೆ ಒಂದು ಕಂಪ್ಯೂಟರ್‌ಗೆ ನಾಲ್ಕು ಜನ, ಕೂತವಳು ಒಬ್ಳು ನೋಡೋರು ಮೂವರು. ಈಗ ನಮ್ಮೂರಲ್ಲಿ ಒಂದು ಸೆಂಟರ್‌ನವರು ಮೂರು ತಿಂಗಳಿಗೆ 18 ಸಾವಿರ ಹೇಳಿದಾರೆ, ಸರ್ಟಿಫಿಕೇಟು ಕೊಡ್ತೀವಿ ಕೆಲಸಾನೂ ಕೊಡಿಸ್ತೀವಿ ಅಂತಾರೆ. ಅಪ್ಪ ಹತ್ತಿ ಮಾರಿದ ದುಡ್ಡಲ್ಲಿ ಕೊಡ್ತೀನಿ ಅಂದಿದಾರೆ ಅದಕ್ಕೇ ಭಯ. ಕಟ್ಟಿದ ಮೇಲೆ ಏನೂ ಬರ್ಲಿಲ್ಲ ಅಂದ್ರೆ ಅಪ್ಪನ ಮುಖ ಹೇಗೆ ನೋಡ್ಲಿ. ಅನುಭವ ಇರೋರು ಹೇಳಿ ಪ್ಲೀಸ್.

ಕಂಪ್ಯೂಟರ್ ಮಂಜ

ಕಟ್ಬೇಡಿ ಸಿಸ್ಟರ್. ಯೂಟ್ಯೂಬಲ್ಲಿ ಕನ್ನಡದಲ್ಲೇ ಎಲ್ಲಾ ಇದೆ ಫ್ರೀ.

ಹುಬ್ಬಳ್ಳಿ ಮಂಡಿ ಗುಮಾಸ್ತ

ತಂಗಿ, ರೊಕ್ಕ ಕಟ್ಟೂಕಿಂತ ಮೊದ್ಲ ಇದನ್ನ ಓದು. ನಾ ಎಪಿಎಂಸಿ ಒಳಗ ದಲಾಲಿ ಅಂಗಡಿಯಾಗ ಲೆಕ್ಕ ಬರಿಲಿಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ, ಕೆಂಪು ಬಟ್ಟೆ ಹೊದಿಕೆ ರೋಜ್‌ಕಿರ್ದಿ (ದಿನದ ಲೆಕ್ಕದ ಪುಸ್ತಕ), ಅದರಿಂದ ಖತಾವಣಿ (ಒಬ್ಬೊಬ್ಬರ ಖಾತೆಗೆ ಬರಿಯೂದು), ಸಂಜಿಗೆ ಶಿಲ್ಕು (ಉಳಿದ ರೊಕ್ಕ) ತಾಳೆ ಆಗೂತನಕಾ ಮನಿಗೆ ಹೋಗೂ ಹಂಗಿಲ್ಲ. ಹತ್ತು ರೂಪಾಯಿ ಕಡಿಮಿ ಬಂದ್ರೂ ಹುಡಕಬೇಕು, ಕಿಸೆದಿಂದ ಹಾಕಿ ಸರಿ ಮಾಡಿದ್ರ ಮಾಲಕರು ಬೈತಿದ್ರು, ರೊಕ್ಕ ಮುಖ್ಯ ಅಲ್ಲ ತಪ್ಪು ಎಲ್ಲಿ ಆತು ಅನ್ನೂದು ಮುಖ್ಯ ಅಂತ. ಆಮ್ಯಾಲೆ ಟ್ಯಾಲಿ ಬಂತು, ನಾ ಎಂಟು ದಿನದಾಗ ಕಲಿತೆ. ಎಂಟ ದಿನ ಅಂದ್ರ ಎಂಟ ದಿನ. ಯಾಕಂದ್ರ ಜಮಾ (ಕ್ರೆಡಿಟ್) ಯಾವುದು ನಾವೆ (ಡೆಬಿಟ್) ಯಾವುದು ಅನ್ನೂದು ಕೈಯಾಗ ಇತ್ತು, ಬಟನ್ ಅಷ್ಟ ಹೊಸಾವು. ಎಫ್4 ಕಾಂಟ್ರಾ, ಎಫ್5 ಪೇಮೆಂಟ್, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ, ಇದನ್ನ ಕಲಿಯಾಕ 18 ಸಾವಿರ ಬೇಕಾ ನೀನ ಹೇಳು.

ಆದ್ರ ಮಂಜ ಹೇಳಿದ್ದು ಪೂರ್ತಿ ಒಪ್ಪೂದಿಲ್ಲ ನಾ. ವಿಡಿಯೋ ನೋಡಿದ್ರ ಬರೂದಿಲ್ಲ, ಬಿಲ್ಲು ಕೈಯಾಗ ಹಿಡದ್ರ ಬರತೈತಿ. ಸೆಂಟರ್‌ನವರಿಗೆ ಒಂದ ಪ್ರಶ್ನೆ ಕೇಳು, ಕಾಗದದ ಬಿಲ್ಲು ಕೊಟ್ಟು ಎಂಟ್ರಿ ಮಾಡಸ್ತೀರೋ ಇಲ್ಲಾ ಪುಸ್ತಕದಾಗಿನ ಲೆಕ್ಕ ನೋಡಿ ಟೈಪ್ ಮಾಡಸ್ತೀರೋ ಅಂತ. ಪುಸ್ತಕದಾಗ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅವ್ರ ಬರದಿರ್ತಾರ, ಅಂಗಡಿಯಾಗ ಯಾರೂ ಬರದು ಕೊಡೂದಿಲ್ಲ.

ತುಮಕೂರು ಅಕ್ಕ

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನನ್ ಕಥೆ ಹೇಳ್ತೀನಿ ಕೇಳು. ಮಗ ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಏನಾದ್ರೂ ಮಾಡೋಣ ಅಂತ ನಾನೂ ಒಂದು ಸೆಂಟರಿಗೆ ಸೇರಿದ್ದೆ, ಹೆಸರು ಬೇಡ. ಮೂರು ತಿಂಗಳು ಅಂದವರು ಮೊದಲ ತಿಂಗಳು ಪೂರ್ತಿ ಎಂಎಸ್ ವರ್ಡ್, ಪೇಂಟ್ ಮಾಡಿಸಿದ್ರು. ಎರಡನೇ ತಿಂಗಳು ಟ್ಯಾಲಿ, ಹೇಳ್ಕೊಡೋ ಹುಡುಗಿಗೆ ನನಗಿಂತ ಸ್ವಲ್ಪ ಜಾಸ್ತಿ ಗೊತ್ತಿತ್ತು ಅಷ್ಟೆ, ಯಾಕೆ ಅಂತ ಕೇಳಿದ್ರೆ ಶೀಟ್‌ನಲ್ಲಿ ಹಾಗೇ ಇದೆ ಮೇಡಂ ಅನ್ನೋಳು. ಕೊನೆಗೆ ಬಣ್ಣದ ಸರ್ಟಿಫಿಕೇಟ್ ಬಂತು. ಅದನ್ನ ತಗೊಂಡು ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದ್ರೆ ಮಾಲೀಕರು ಸರ್ಟಿಫಿಕೇಟ್ ನೋಡ್ಲೇ ಇಲ್ಲ, ಒಂದು ಪರ್ಚೇಸ್ ಬಿಲ್ ಕೊಟ್ಟು ಎಂಟ್ರಿ ಹಾಕಮ್ಮ ಅಂದ್ರು. ಅದ್ರಲ್ಲಿ ಲಾರಿ ಬಾಡಿಗೆ ಬೇರೆ ಇತ್ತು, ಡಿಸ್ಕೌಂಟ್ ಇತ್ತು, ರೌಂಡ್ ಆಫ್ ಇತ್ತು. ನಂಗೆ ಕೈ ನಡುಗಿಬಿಡ್ತು. ಆ ದಿನ ಬಸ್‌ಸ್ಟ್ಯಾಂಡಲ್ಲಿ ಕೂತು ಅತ್ತಿದೀನಿ ನಾನು.

ಆಮೇಲೆ ನಮ್ಮ ಬೀದಿ ಕೊನೇಲಿ ಒಬ್ರು ಟ್ಯಾಕ್ಸ್ ಪ್ರಾಕ್ಟೀಷನರ್ ಇದ್ರು, ಸಂಬಳ ಬೇಡ ಸರ್ ಕೆಲಸ ಕಲಿಸಿ ಅಂತ ಹೋಗಿ ಕೇಳ್ಕೊಂಡೆ. ಎರಡು ತಿಂಗಳು ಬರೀ ಬಿಲ್ ಜೋಡಿಸೋದು, ಪಂಚ್ ಮಾಡಿ ಫೈಲ್ ಹಾಕೋದು. ಬೇಜಾರಾಗ್ತಿತ್ತು ಆದ್ರೆ ಅಲ್ಲೇ ನಾನು ಕಲಿತಿದ್ದು. ಇವತ್ತು ಅಲ್ಲೇ ಕೆಲಸ, ಹನ್ನೊಂದು ಪಾರ್ಟಿ ಲೆಕ್ಕ ನಾನೊಬ್ಬಳೇ ನೋಡ್ತೀನಿ.

ಶಿವಮೊಗ್ಗ ಆಡಿಟ್ ಆಫೀಸ್

ಅಕ್ಕ ಎರಡು ತಿಂಗಳು ಸಂಬಳ ಇಲ್ದೆ ಅಂದ್ರೆ ಸರಿ, ಆದ್ರೆ ಕೆಲವ್ರು ವರ್ಷಗಟ್ಟಲೆ ಟ್ರೈನಿಂಗ್ ಅಂತ ಹೇಳಿ ಬಿಟ್ಟಿ ದುಡಿಸ್ಕೋತಾರೆ ಅದ್ನ ಹೊಸಬರು ಹುಷಾರಾಗಿ ನೋಡ್ಬೇಕು. ಎಷ್ಟು ತಿಂಗಳು, ಆಮೇಲೆ ಎಷ್ಟು ಕೊಡ್ತೀರಿ, ಮೊದಲೇ ಬಾಯಿಬಿಟ್ಟು ಕೇಳಿ. ಕೇಳೋದ್ರಲ್ಲಿ ನಾಚಿಕೆ ಏನೂ ಇಲ್ಲ.

ನಾನು ಆಡಿಟರ್ ಆಫೀಸಲ್ಲಿ ಒಂಬತ್ತು ವರ್ಷ. ಕೆಲಸ ಅಂದ್ರೆ ಏನು ಅಂತ ಹೇಳ್ತೀನಿ, ಕೋರ್ಸ್ ಬ್ರೋಷರ್‌ನಲ್ಲಿ ಇದು ಇರಲ್ಲ. ನಮ್ಮ ತಿಂಗಳು ತಾರೀಕಿನ ಮೇಲೆ ಓಡುತ್ತೆ. 7ಕ್ಕೆ ಟಿಡಿಎಸ್ ಅಂದ್ರೆ ದುಡ್ಡು ಕೊಡುವಾಗ ಹಿಡಿದಿಟ್ಟ ಟ್ಯಾಕ್ಸ್ ಕಟ್ಬೇಕು, 11ಕ್ಕೆ ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ವಿವರ, 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತೆ, 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ 3ಬಿ ಅಂದ್ರೆ ಟ್ಯಾಕ್ಸ್ ಕಟ್ಟೋ ಜಿಎಸ್‌ಟಿ ರಿಟರ್ನ್. 3ಬಿ ಲೇಟಾದ್ರೆ ದಿನಕ್ಕೆ 50 ರೂಪಾಯಿ, ಏನೂ ವ್ಯವಹಾರ ಇಲ್ಲದ ನಿಲ್ ರಿಟರ್ನ್ ಆದ್ರೂ ದಿನಕ್ಕೆ 20, ಕಟ್ಬೇಕಾದ ಟ್ಯಾಕ್ಸ್ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ವಹಿವಾಟು 5 ಕೋಟಿವರೆಗೆ ಇರೋರಿಗೆ ಮೂರು ತಿಂಗಳಿಗೊಂದ್ಸಲ ರಿಟರ್ನ್ ಹಾಕೋ ಸೌಲಭ್ಯ 2021ರ ಜನವರಿಯಿಂದ ಇದೆ, ಆದ್ರೂ ಟ್ಯಾಕ್ಸ್ ಮಾತ್ರ ತಿಂಗಳು ತಿಂಗಳು ಕಟ್ಟಬೇಕು, ಇದನ್ನ ಮರೆತು ಒದ್ದಾಡಿದ ಪಾರ್ಟಿಗಳು ಎಷ್ಟೋ. ಇಷ್ಟೂ ತಾರೀಕು ತಲೇಲಿ ಇಟ್ಕೊಂಡು, ಬಿಲ್ ಕೊಡಿ ಬಿಲ್ ಕೊಡಿ ಅಂತ ಅಂಗಡಿಯವರಿಗೆ ಫೋನ್ ಮಾಡೋದೇ ಅರ್ಧ ಕೆಲಸ. ಫೋನಲ್ಲಿ ಮಾತಾಡೋ ಧೈರ್ಯ ಇರಬೇಕು ತಂಗಿ.

ರಾಣೆಬೆನ್ನೂರು ಹುಡುಗಿ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ತುಮಕೂರು ಅಕ್ಕ ನೀವು ಬರೆದಿದ್ದು ಓದಿ ಕಣ್ಣಲ್ಲಿ ನೀರು ಬಂತು. ಸರ್ 2ಬಿ ಅಂದ್ರೆ ಏನು, ಕಾಲೇಜಲ್ಲಿ ಜಿಎಸ್‌ಟಿ ಪೇಪರ್ ಇತ್ತು, ಡೆಫಿನಿಷನ್ ಬರ್ದು ಪಾಸಾದೆ, ಇದು ಮಾತ್ರ ಅರ್ಥ ಆಗ್ಲಿಲ್ಲ. ಮತ್ತೆ ನಮ್ಮ ಸೋದರಮಾವಂದು ಇಲ್ಲೇ ಒಂದು ಆಗ್ರೋ ಕೇಂದ್ರ ಇದೆ, ಬೀಜ ಗೊಬ್ಬರ ಔಷಧಿ ಮಾರ್ತಾರೆ, ಅಲ್ಲಿ ಏನಾದ್ರೂ ಕಲಿಯೋಕೆ ಆಗುತ್ತಾ? ಮಾವ ಬಿಲ್ಲೆಲ್ಲ ಒಂದು ಚೀಲದಲ್ಲಿ ತುಂಬಿಟ್ಟು ತಿಂಗಳ ಕೊನೆಗೆ ಆಡಿಟರ್‌ಗೆ ಕಳಿಸ್ತಾರೆ.

ಶಿವಮೊಗ್ಗ ಆಡಿಟ್ ಆಫೀಸ್

2ಬಿ ಸುಲಭ. ನಿಮ್ಮ ಮಾವ ಕಂಪನಿಯಿಂದ ಔಷಧಿ ತಗೊಂಡಾಗ ಬಿಲ್ಲಲ್ಲಿ ಟ್ಯಾಕ್ಸ್ ಕೊಟ್ಟಿರ್ತಾರೆ ಅಲ್ವಾ, ಮಾರಿದಾಗ ರೈತರಿಂದ ತಗೊಂಡ ಟ್ಯಾಕ್ಸಲ್ಲಿ ಅದನ್ನ ಕಳೆದು ಉಳಿದಿದ್ದು ಸರ್ಕಾರಕ್ಕೆ ಕಟ್ತಾರೆ, ಕಳೆಯೋದಕ್ಕೇ ಇನ್‌ಪುಟ್ ಕ್ರೆಡಿಟ್ ಅನ್ನೋದು. ಆದ್ರೆ ಕಂಪನಿಯವನು ತನ್ನ ಜಿಎಸ್‌ಟಿಆರ್-1ನಲ್ಲಿ ಆ ಬಿಲ್ ತೋರಿಸಿದ್ರೆ ಮಾತ್ರ ನಿಮ್ಮ ಮಾವನ 2ಬಿನಲ್ಲಿ ಬರುತ್ತೆ. ಬರ್ಲಿಲ್ಲ ಅಂದ್ರೆ ಬಿಲ್ ಕೈಯಲ್ಲಿದ್ರೂ ದುಡ್ಡು ಕೊಟ್ಟಿದ್ರೂ ಆ ತಿಂಗಳು ಕ್ರೆಡಿಟ್ ಇಲ್ಲ. ನಮ್ಮ ಪರ್ಚೇಸ್ ಲೆಡ್ಜರ್ ಒಂದು ಕಡೆ 2ಬಿ ಒಂದು ಕಡೆ ಇಟ್ಕೊಂಡು ಒಂದೊಂದೇ ಬಿಲ್ ತಾಳೆ ನೋಡೋದು, ಎಕ್ಸೆಲ್‌ನಲ್ಲಿ ವಿ-ಲುಕಪ್ ಅಂತ ಎರಡು ಪಟ್ಟಿ ಹೋಲಿಸೋ ಫಾರ್ಮುಲಾ ಹಾಕಿ ಮಾಡ್ತೀವಿ. ಬಿಲ್ ನಂಬರ್‌ನಲ್ಲಿ ಒಂದು ಸೊನ್ನೆ ಹೆಚ್ಚು ಕಡಿಮೆ ಆದ್ರೆ ಫಾರ್ಮುಲಾ ಹಿಡಿಯಲ್ಲ, ಕಣ್ಣೇ ಹಿಡೀಬೇಕು. ಈ ಒಂದು ಕೆಲಸ ಚೆನ್ನಾಗಿ ಬಂದ್ರೆ ಯಾವ ಆಫೀಸೂ ನಿಮ್ಮನ್ನ ಬಿಡಲ್ಲ.

ಹುಬ್ಬಳ್ಳಿ ಮಂಡಿ ಗುಮಾಸ್ತ

ಅಯ್ಯ ತಂಗಿ, ಮಾವನ ಆಗ್ರೋ ಕೇಂದ್ರ ಇಟ್ಕೊಂಡು ಕೋರ್ಸ್ ಎಲ್ಲಿ ಅಂತ ಕೇಳ್ತಿಯಲ್ಲ! ಆ ಚೀಲಾನ ನಿನ್ನ ಸಾಲಿ. ನೋಡು, ಬಿತ್ತನೆ ಬೀಜಕ್ಕ ಜಿಎಸ್‌ಟಿ ಇಲ್ಲ, ಗೊಬ್ಬರಕ್ಕ 5 ಪರ್ಸೆಂಟ್, ಕೀಟನಾಶಕಕ್ಕ 18. ಒಂದ ಅಂಗಡಿ, ಒಬ್ಬ ರೈತಗ ಒಂದ ಬಿಲ್ಲಿನಾಗ ಮೂರು ನಮೂನಿ. ಹಾವೇರಿ ಡೀಲರ್ ಕಡೆಯಿಂದ ಮಾಲು ಬಂದ್ರ ಸಿಜಿಎಸ್‌ಟಿ (ಕೇಂದ್ರದ್ದು) ಎಸ್‌ಜಿಎಸ್‌ಟಿ (ರಾಜ್ಯದ್ದು) ಅರ್ಧ ಅರ್ಧ, ಕೊಲ್ಹಾಪುರದಿಂದ ಬಂದ್ರ ಐಜಿಎಸ್‌ಟಿ (ಬ್ಯಾರೆ ರಾಜ್ಯದ ಮಾಲಿಂದು). ಬಿಲ್ಲಿನ ಮ್ಯಾಲಿನ ಜಿಎಸ್‌ಟಿ ನಂಬರಿನ ಮೊದಲ ಎರಡ ಅಂಕಿ ನೋಡು, 29 ಇದ್ರ ನಮ್ಮ ಕರ್ನಾಟಕ, 27 ಇದ್ರ ಮಹಾರಾಷ್ಟ್ರ. ಬೀಜ ಟ್ಯಾಕ್ಸ್ ಇಲ್ಲದ ಮಾಲು, ಔಷಧಿ ಟ್ಯಾಕ್ಸ್ ಇರೋ ಮಾಲು, ಹಂಗಾಗಿ ಅಂಗಡಿ ಬಾಡಿಗಿ ಫೋನ್ ಬಿಲ್ಲು ಇಂಥಾ ಸಾಮಾನ್ಯ ಖರ್ಚಿನ ಮ್ಯಾಲಿನ ಕ್ರೆಡಿಟ್ ಪೂರಾ ಸಿಗೂದಿಲ್ಲ, ಬೀಜದ ಪಾಲಿಂದು ಬಿಟ್ಟು ಕೊಡಬೇಕು. ಇದನ್ನ ಯಾವ ಸೆಂಟರ್‌ನಾಗ ಹೇಳಿ ಕೊಡ್ತಾರ.

ಹಿಂಗ ಮಾಡು. ಕಂಪ್ಯೂಟರ್ ಮುಟ್ಟಬ್ಯಾಡ ಮೊದಲು. ಒಂದು ತಿಂಗಳಿನ ಬಿಲ್ಲು ತಗೊಂಡು ನೋಟ್‌ಬುಕ್ಕಿನಾಗ ರೋಜ್‌ಕಿರ್ದಿ ಬರಿ, ಆರಂಭ ಶಿಲ್ಕು, ಬಂದದ್ದು, ಹೋದದ್ದು, ಅಖೈರು ಶಿಲ್ಕು. ಉದ್ರಿ ಒಯ್ದ ರೈತರದು ಬ್ಯಾರೆ ಬ್ಯಾರೆ ಖಾತೆ. ಮಾವ ಮನಿ ಖರ್ಚಿಗೆ ಗಲ್ಲಾದಿಂದ ತಗೊಂಡ್ರ ಅದು ಅಂಗಡಿ ಖರ್ಚಲ್ಲ, ಅವರ ಸ್ವಂತ ಖಾತೆಗೆ ನಾವೆ ಬೀಳಬೇಕು, ಹಳ್ಳಿ ಅಂಗಡಿಯಾಗ ಇದೊಂದ ಎಲ್ಲಾರೂ ತಪ್ಪು ಮಾಡೂದು. ತಾಳೆ ಬಂದ ಮ್ಯಾಲೆ ಟ್ಯಾಲಿ ಪ್ರೈಮ್ (ಈಗಿನ ಟ್ಯಾಲಿ) ಎಜುಕೇಶನ್ ಮೋಡ್ (ಕಲಿಯೋರಿಗಂತ ಇರೂದು) ಹಾಕ್ಕೋ, ರೊಕ್ಕ ಇಲ್ಲ. ತಿಂಗಳಿನ 1, 2, 31 ಈ ತಾರೀಕಿಗೆ ಮಾತ್ರ ಎಂಟ್ರಿ ತಗೋತೈತಿ, ನಡಕೈತಿ, ಖರೆ ತಾರೀಕು ನರೇಶನ್‌ದಾಗ (ಎಂಟ್ರಿಯ ವಿವರಣೆ ಸಾಲಿನಾಗ) ಬರಿ. ಕಳ್ಳ ಕಾಪಿ ಮಾತ್ರ ಹಾಕ್ಕೋಬ್ಯಾಡ.

ಕರಾವಳಿ ಲೆಕ್ಕ

ಇಲ್ಲಿ ಯಾರೂ ರುಡ್‌ಸೆಟ್ (ಹಳ್ಳಿ ಯುವಜನರ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಬಗ್ಗೆ ಹೇಳ್ಲೇ ಇಲ್ವಲ್ಲ ಮಾರಾಯ್ರೇ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು, ಅದೇ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕಿನವರು ನಡೆಸುವ ಆರ್‌ಸೆಟಿ ಉಂಟು. ಹಳ್ಳಿ ಮಕ್ಕಳಿಗೆ, 18ರಿಂದ 45 ವಯಸ್ಸು, ತರಬೇತಿ ಫ್ರೀ, ಊಟ ವಸತಿ ಫ್ರೀ. ಕಂಪ್ಯೂಟರ್ ಅಕೌಂಟಿಂಗ್ ಬ್ಯಾಚ್ ಎಲ್ಲಾ ಕಡೆ ಯಾವಾಗಲೂ ಇರುವುದಿಲ್ಲ, ನಿಮ್ಮ ಜಿಲ್ಲೆಯದ್ದಕ್ಕೆ ಫೋನ್ ಮಾಡಿ ಮುಂದಿನ ಬ್ಯಾಚ್ ಯಾವಾಗ ಅಂತ ಕೇಳಿ ಹೆಸರು ಬರೆಸಿ. ನನ್ನ ತಮ್ಮ ಹೋಗಿ ಬಂದ. ಬೆಳಿಗ್ಗೆ ಬೇಗ ಎಬ್ಬಿಸ್ತಾರೆ, ಶ್ರಮದಾನ ಮಾಡಿಸ್ತಾರೆ, ಆಮೇಲೆ ಕ್ಲಾಸು. ಅವನಿಗೆ ಹೆಚ್ಚು ಉಪಯೋಗ ಆದದ್ದು ಟ್ಯಾಲಿ ಅಲ್ಲ, ಮಾರ್ಕೆಟ್ ಸರ್ವೆ ಅಂತ ಅಂಗಡಿ ಅಂಗಡಿಗೆ ಕಳಿಸಿದ್ದು. ಸಂಕೋಚ ಬಿಟ್ಟು ಹೋಯ್ತು. ಈಗ ಆರು ಅಂಗಡಿಗೆ ಪಾರ್ಟ್ ಟೈಮ್ ಹೋಗ್ತಾನೆ, ವಾರಕ್ಕೆ ಒಂದೊಂದು ದಿವಸ.

ಮೈಸೂರು ಮೇಷ್ಟ್ರು

ನಾನು ಟ್ರೈನಿಂಗ್ ಸೆಂಟರ್‌ನಲ್ಲಿ ಪಾಠ ಮಾಡೋನು, ಎಲ್ಲಾ ಸೆಂಟರ್‌ಗಳನ್ನೂ ಒಂದೇ ತಕ್ಕಡೀಲಿ ತೂಗ್ತಿದೀರಿ ಅನ್ನೋದು ಸ್ವಲ್ಪ ನೋವಾಯ್ತು. ಎಲ್ಲರಿಗೂ ಮಾವನ ಅಂಗಡಿ ಇರಲ್ಲ ಸರ್. ನನ್ನ ಹತ್ರ ಬರೋ ಮಕ್ಕಳಲ್ಲಿ ಎಷ್ಟೋ ಜನರ ಮನೇಲಿ ಕಂಪ್ಯೂಟರೇ ಇಲ್ಲ, ಯಾವ ಆಡಿಟರ್ ಆಫೀಸಲ್ಲೂ ಪರಿಚಯ ಇಲ್ಲ, ಒಳಗೆ ಹೋಗಿ ಕೇಳೋ ಧೈರ್ಯಾನೂ ಇಲ್ಲ. ಅವರಿಗೆ ಒಂದು ಬಾಗಿಲು ಬೇಕು, ಅದು ನಾವು.

ಆದ್ರೆ ಹುಬ್ಬಳ್ಳಿ ಅಣ್ಣನ ಪ್ರಶ್ನೆ ಸರಿಯಾದ ಪ್ರಶ್ನೆ, ನಾನೂ ಒಪ್ತೀನಿ. ಇನ್ನೊಂದು ಸೇರಿಸ್ತೀನಿ ನೋಡಿ, ಅವರ ಪುಸ್ತಕ ತೆಗೆದು ನೋಡಮ್ಮ. 2025ರ ಸೆಪ್ಟೆಂಬರ್ 22ರಿಂದ ರೇಟ್ ಬದಲಾಗಿದೆ, 12 ಮತ್ತೆ 28ರಲ್ಲಿದ್ದ ಬಹುಪಾಲು ಸಾಮಾನು 5ಕ್ಕೋ 18ಕ್ಕೋ ಬಂದಿದೆ, ಕೆಲವಕ್ಕೆ 40. ಅವರ ಪುಸ್ತಕದಲ್ಲಿ ಇನ್ನೂ ಹಳೇ ನಾಲ್ಕು ರೇಟೇ ಇದ್ರೆ, ಇಲ್ಲಾ ಸ್ಕ್ರೀನ್ ಮೇಲೆ ಇನ್ನೂ ಹಳೇ ಟ್ಯಾಲಿ ಇಆರ್‌ಪಿ 9 ಓಡ್ತಿದ್ರೆ, ಅಲ್ಲಿ ಕಟ್ಬೇಡಿ. ಟ್ಯಾಲಿ ಪ್ರೈಮ್ ಬಂದಿದ್ದೇ 2020ರ ನವೆಂಬರ್‌ನಲ್ಲಿ. ಮತ್ತೆ ಕೆಲಸ ಕೊಡಿಸ್ತೀವಿ ಅಂದ್ರೆ, ಹೋದ ಬ್ಯಾಚಿನ ಮೂರು ಜನರ ಹತ್ರ ಮಾತಾಡಿಸಿ ಅಂತ ಕೇಳಿ. ಮಾತಾಡಿಸಲ್ಲ ಅಂದ್ರೆ ಎದ್ದು ಬನ್ನಿ.

ನಾನು ಮೊದಲ ಕ್ಲಾಸಲ್ಲಿ ಮಕ್ಕಳಿಗೆ ಒಂದು ವಿಷಯ ಹೇಳ್ತೀನಿ. ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ, 1986ರಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅಂತ, ಗಿರಣಿಗಳಿಗೆ ಸಾಮಾನು ಸಪ್ಲೈ ಮಾಡ್ತಿದ್ದ ವ್ಯಾಪಾರಿ, ತಮ್ಮ ವ್ಯವಹಾರದ ಲೆಕ್ಕಕ್ಕೆ ಸರಿಹೊಂದೋ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಕೈಲಿ ಬರೆಸಿದ್ರು. ಅದೇ ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ನೋಡಿ ಲೆಕ್ಕದ ತೊಂದರೆ ಮೊದಲು ಬಂತು, ಸಾಫ್ಟ್‌ವೇರ್ ಆಮೇಲೆ ಬಂತು. ಕಲಿಯೋದೂ ಅದೇ ಕ್ರಮದಲ್ಲಿ ಆಗ್ಬೇಕು ಅನ್ನೋದು ನನ್ನ ನಂಬಿಕೆ.

ತುಮಕೂರು ಅಕ್ಕ

ಮೇಷ್ಟ್ರೇ ನಿಮ್ಮಂಥೋರು ನನಗೆ ಸಿಕ್ಕಿದ್ರೆ ಚೆನ್ನಾಗಿತ್ತು.

ಪೀಣ್ಯ ಸಣ್ಣ ಫ್ಯಾಕ್ಟರಿ

ಕೆಲಸ ಕೊಡೋನ ಕಡೆಯಿಂದಾನೂ ಕೇಳಿ. ನಮ್ಮದು ಮೂವತ್ತು ಜನರ ಮಷಿನ್ ಶಾಪ್. ಅಕೌಂಟ್ಸ್‌ಗೆ ಯಾರಾದ್ರೂ ಬಂದ್ರೆ ನಾನು ಇಪ್ಪತ್ತು ಬಿಲ್, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ಎರಡು ಗಂಟೆ ಕೂರಿಸ್ತೀನಿ. ಬಿಲ್ಲುಗಳಲ್ಲಿ ಬೇಕು ಅಂತಲೇ ಕೆಲವು ಸೇರಿಸಿರ್ತೀನಿ. ಒಂದ್ರಲ್ಲಿ ಬೆಂಗಳೂರಿನ ಸಪ್ಲೈಯರ್ ನಮಗೇ ಮಾಲು ಕೊಟ್ಟು ಐಜಿಎಸ್‌ಟಿ ಹಾಕಿರ್ತಾನೆ, ಒಂದು ಲ್ಯಾಪ್‌ಟಾಪ್ ಖರೀದಿ, ಅದನ್ನ ಆಫೀಸ್ ಖರ್ಚಿಗೆ ಹಾಕ್ತಾರೋ ಆಸ್ತಿಗೆ ಹಾಕ್ತಾರೋ ನೋಡ್ತೀನಿ, ಇನ್ನೊಂದು ನನ್ನ ಮನೆ ಫ್ರಿಜ್ ಬಿಲ್. ಎಲ್ಲಾ ಸರಿ ಮಾಡ್ಬೇಕು ಅಂತಿಲ್ಲ. ಸರ್ ಈ ಬಿಲ್ ಅನುಮಾನ ಇದೆ ಅಂತ ಎತ್ತಿ ಪಕ್ಕಕ್ಕೆ ಇಟ್ಟು ಕೇಳಿದ್ರೆ ಸಾಕು, ಅವರಿಗೇ ಕೆಲಸ. ಹೋದ ವರ್ಷ ತಗೊಂಡ ಹುಡುಗಿ ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಮಾಡಿದವಳು, ಇಂಗ್ಲಿಷ್ ಅಷ್ಟಕ್ಕಷ್ಟೆ, ಆದ್ರೆ ಆ ಫ್ರಿಜ್ ಬಿಲ್ ಎತ್ತಿ ಇದು ಕಂಪನಿಗೆ ಯಾಕೆ ಸರ್ ಅಂತ ಕೇಳಿದ್ಲು. ನನಗೆ ಬಹಳ ಸಂತೋಷ ಆಯ್ತು.

ಕಂಪ್ಯೂಟರ್ ಮಂಜ

ಒಂದು ಡೌಟ್, ಈಗ ಎಐ ಬಂದಿದೆ ಬಿಲ್ ಫೋಟೋ ಹೊಡೆದ್ರೆ ಎಂಟ್ರಿ ಆಗುತ್ತೆ, ಬ್ಯಾಂಕ್ ಸ್ಟೇಟ್‌ಮೆಂಟ್ ನೇರ ಇಂಪೋರ್ಟ್ ಆಗುತ್ತೆ, ಇನ್ನೂ ಈ ಫೀಲ್ಡಿಗೆ ಬರೋದು ಸರೀನಾ?

ಶಿವಮೊಗ್ಗ ಆಡಿಟ್ ಆಫೀಸ್

ಬರೀ ಟೈಪ್ ಮಾಡೋ ಕೆಲಸ ಕಡಿಮೆ ಆಗ್ತಿರೋದು ಹೌದು, ಸುಳ್ಳು ಹೇಳಿ ಪ್ರಯೋಜನ ಇಲ್ಲ. ನಾನು ಸೇರಿದಾಗ ದಿನವೆಲ್ಲ ಎಂಟ್ರಿ ಹೊಡೀತಿದ್ದೆ, ಈಗ ಅರ್ಧ ದಿನಾನೂ ಇಲ್ಲ. ಆದ್ರೆ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೂ ಇನ್ಮೇಲೆ ಎಲ್ಲಾ ಪೋರ್ಟಲ್ಲೇ ಮಾಡುತ್ತೆ ಅಂದಿದ್ರು, ಕೆಲಸ ಹೆಚ್ಚೇ ಆಯ್ತು. 50 ಸಾವಿರಕ್ಕಿಂತ ಹೆಚ್ಚಿನ ಮಾಲು ಸಾಗಿಸಿದ್ರೆ ಇ-ವೇ ಬಿಲ್ (ಆನ್‌ಲೈನ್ ಸಾಗಣೆ ಚೀಟಿ), ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಲ್ಲಿ ದಾಖಲಾಗೋ ಬಿಲ್). ಕಂಪನಿಗಳ ಲೆಕ್ಕದಲ್ಲಿ 2023ರ ಏಪ್ರಿಲ್‌ನಿಂದ ಎಡಿಟ್ ಲಾಗ್ ಕಡ್ಡಾಯ, ಯಾರು ಯಾವಾಗ ಏನು ತಿದ್ದಿದ್ರು ಅಂತ ಉಳ್ಕೊಳ್ಳುತ್ತೆ, ಮುಂಚೆ ಥರ ಅಳಿಸಿ ಹಾಕೋಕಾಗಲ್ಲ, ಹಾಗಾಗಿ ಮೊದಲ ಸಲವೇ ಸರಿಯಾಗಿ ಹಾಕೋರು ಬೇಕು. ಫೋಟೋ ಹೊಡೆದು ಎಂಟ್ರಿ ಆದ ಫ್ರಿಜ್ ಬಿಲ್ಲನ್ನ ಇದು ಯಾಕೆ ಸರ್ ಅಂತ ಕೇಳೋಕೆ ಮನುಷ್ಯರೇ ಬೇಕು.

ರಾಣೆಬೆನ್ನೂರು ಹುಡುಗಿ

ಎಲ್ಲರಿಗೂ ಮತ್ತೆ ನಮಸ್ಕಾರ, ನಾಲ್ಕು ತಿಂಗಳಾದ ಮೇಲೆ ಬರೀತಿದೀನಿ. 18 ಸಾವಿರ ಕಟ್ಲಿಲ್ಲ. ಮಾವನ ಚೀಲ ತಗೊಂಡು ಕೂತೆ, ಮೊದಲ ವಾರ ತಲೆ ಕೆಟ್ಟೋಯ್ತು, ಅರ್ಧ ಬಿಲ್ ಅಕ್ಷರ ಅಳಿಸಿತ್ತು, ಉದ್ರಿ ಪುಸ್ತಕದಲ್ಲಿ ರೈತರ ಹೆಸರಿಲ್ಲ, ಮೇಲಿನ ಓಣಿ ದೊಡ್ಡಪ್ಪ, ಕೆಂಪು ಟ್ರಾಕ್ಟರ್ ಅಂತೆಲ್ಲಾ ಬರೆದಿದ್ರು ಮಾವ. ಒಬ್ಬೊಬ್ರನ್ನೇ ಕೇಳಿ ಖಾತೆ ಮಾಡಿದೆ. ಒಂದು ಡೀಲರ್‌ದು ಎರಡು ಬಿಲ್ 2ಬಿನಲ್ಲಿ ಬಂದೇ ಇರ್ಲಿಲ್ಲ, ಮಾವನ ಕೈಯಲ್ಲಿ ಫೋನ್ ಮಾಡಿಸಿದೆ, ಮುಂದಿನ ತಿಂಗಳು ಅವ್ರು ಸೇರಿಸಿದ್ರು, 11,340 ರೂಪಾಯಿ ಕ್ರೆಡಿಟ್ ಸಿಕ್ತು. ಮಾವ ಅದನ್ನ ಅಪ್ಪನ ಮುಂದೆ ಎರಡು ಸಲ ಹೇಳಿದ್ರು. ಆಮೇಲೆ ಮಾವನ ಲೆಕ್ಕ ನೋಡೋ ಆಡಿಟರೇ ಯಾರಮ್ಮ ಇದನ್ನ ಮಾಡಿದ್ದು ಅಂತ ಕೇಳಿ ಆಫೀಸಿಗೆ ಬಾ ಅಂದ್ರು. ಸೇರಿ ಮೂರು ವಾರ ಆಯ್ತು. ಮೊದಲೇ ಕೇಳಿದೆ, ಎರಡು ತಿಂಗಳು 6 ಸಾವಿರ, ಆಮೇಲೆ 10.

ಈಗ ಒಂದು ಕಡೆ ಸಿಕ್ಕಾಕೊಂಡಿದೀನಿ. ಒಂದು ಬಟ್ಟೆ ಅಂಗಡಿ ಬ್ಯಾಂಕ್ ರಿಕನ್ಸಿಲಿಯೇಷನ್ (ನಮ್ಮ ಲೆಕ್ಕ ಬ್ಯಾಂಕಿನ ಲೆಕ್ಕ ತಾಳೆ ನೋಡೋದು) ಮಾಡ್ತಿದೀನಿ, ಟ್ಯಾಲಿಗೂ ಸ್ಟೇಟ್‌ಮೆಂಟಿಗೂ 2,700 ವ್ಯತ್ಯಾಸ. ಚೆಕ್ ಎಲ್ಲಾ ನೋಡಿದೆ, ಬ್ಯಾಂಕ್ ಚಾರ್ಜಸ್ ನೋಡಿದೆ, ಎರಡು ದಿನದಿಂದ ಸಿಗ್ತಿಲ್ಲ. ಸರ್‌ಗೆ ಕೇಳೋಕೆ ಭಯ ಆಗ್ತಿದೆ.

ಹುಬ್ಬಳ್ಳಿ ಮಂಡಿ ಗುಮಾಸ್ತ

2,700 ಒಂಬತ್ತರಿಂದ ಭಾಗಿಸು ತಂಗಿ. 300, ಶೇಷ ಇಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗ ಹೋದ್ರ ಬಹಳಸಲ ಅಂಕಿ ಅದಲು ಬದಲು ಆಗಿರತಾವು, ನಮ್ಮ ಮಾಲಕರು ಕಲಿಸಿದ್ದು. ಪಕ್ಕಪಕ್ಕದ ಎರಡು ಅಂಕಿ, ಸಾವಿರದ್ದು ನೂರರದ್ದು, ನಡುವ 3 ಅಂತರ ಇರಬೇಕು. 4,100 ಇದ್ದದ್ದು 1,400 ಆಗಿರಬಹುದು, 58ರಿಂದ ಶುರು ಆಗೂ ಮೊತ್ತ 85ರಿಂದ ಶುರು ಆಗಿರಬಹುದು. ಅಂಥಾವಷ್ಟ ನೋಡು, ಎಲ್ಲಾ ನೋಡಬ್ಯಾಡ.

ರಾಣೆಬೆನ್ನೂರು ಹುಡುಗಿ

ಅಣ್ಣಾ ಸಿಕ್ತು!! 14ನೇ ತಾರೀಕು, ಗಿರಾಕಿ ಕಳಿಸಿದ್ದು 5,850, ನಾನೇ 8,550 ಅಂತ ಹಾಕಿದೀನಿ. ಈಗ ತಾಳೆ ಬಂತು. ಸರ್ ಊಟಕ್ಕೆ ಹೋಗಿದಾರೆ, ಬಂದ ತಕ್ಷಣ ತೋರಿಸ್ತೀನಿ.